ಪೋಸ್ಟ್ ತೆಗೆಸೋರು ಬರೆದವನಿಗೊಂದು ನೋಟಿಸ್ ಕೊಡಲಿ

 

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ಹಸುವಿನ ಚರ್ಮ ಸುಲಿದರು ಅಂತ ನಮ್ಮ ಹುಡುಗರನ್ನು ಅರೆಬೆತ್ತಲೆ ಮಾಡಿ, ಗಾಡಿಗೆ ಕಟ್ಟಿ ಹೊಡೆದರು. ಹೊಡೆದವರೇ ವಿಡಿಯೋ ಮಾಡಿಕೊಂಡರು. ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋದ ಮೇಲೇ ದೇಶ ಎದ್ದಿದ್ದು, ಸಂಸತ್ತಿನಲ್ಲಿ ಗದ್ದಲ ಆಗಿದ್ದು, ಸತ್ತ ದನ ಇನ್ಮೇಲೆ ಎತ್ತಲ್ಲ ಅಂತ ಅಲ್ಲಿನ ದಲಿತರು ಪ್ರತಿಜ್ಞೆ ಮಾಡಿದ್ದು.

ಅದೇ ವಿಡಿಯೋ ಇವತ್ತು ಬಂದಿದ್ರೆ? ಶಾಂತಿ ಕದಡುತ್ತೆ ಅಂತ ಅಧಿಕಾರಿಯೊಬ್ಬ ಕಂಪನಿಗೆ ಬರೆದರೆ ಸಾಕು, ಮಾಯ.

ಉತ್ಪ್ರೇಕ್ಷೆ ಅಲ್ಲ. ಐಟಿ ಕಾಯ್ದೆಯ 69ಎ ಸೆಕ್ಷನ್ನಿನಲ್ಲಿ ಪೋಸ್ಟ್ ತಡೆಯಬೇಕಾದ್ರೆ ಒಂದು ಸಮಿತಿ ಇದೆ, ಕಾರಣ ಬರೆದಿಡಬೇಕು. ಅದರಲ್ಲೂ ನಿಯಮ 16 ಅಂತ ಒಂದಿದೆ, ಎಲ್ಲ ಗುಟ್ಟಾಗಿಡಬೇಕಂತೆ. ಇದೂ ಸಾಲದು ಅಂತ ಈಗ 79(3)(ಬಿ) ಹಿಡಿದುಕೊಂಡು 'ಸಹಯೋಗ್' ಪೋರ್ಟಲ್ ಬಂದಿದೆ. ಅಲ್ಲಿಂದ ನೋಟಿಸ್ ಹೋಗೋದು ಕಂಪನಿಗೆ. ತೆಗೆಯದಿದ್ದರೆ ಕಂಪನಿಗಿರುವ ಕಾನೂನಿನ ರಕ್ಷಣೆ ಹೋಗುತ್ತೆ. ನಿಮ್ಮ ಒಂದು ಪೋಸ್ಟಿಗಾಗಿ ಯಾವ ಕಂಪನಿ ಕೋರ್ಟು ಅಲೆಯುತ್ತೆ ಹೇಳಿ?

ಎಕ್ಸ್ ಕಂಪನಿ ಅಲೆದಿತ್ತು. 2025ರ ಸೆಪ್ಟೆಂಬರ್ 24ರಂದು ನಮ್ಮ ಕರ್ನಾಟಕ ಹೈಕೋರ್ಟ್ ಆ ಅರ್ಜಿ ವಜಾ ಮಾಡಿತು. ನನಗೇನು ಎಲಾನ್ ಮಸ್ಕ್ ಮೇಲೆ ಪ್ರೀತಿ ಇಲ್ಲ. ಆದರೆ ಆ ಇಡೀ ಜಗಳದಲ್ಲಿ ಸರ್ಕಾರ ಇತ್ತು, ಕಂಪನಿ ಇತ್ತು. ಬರೆದವನು ಎಲ್ಲಿದ್ದ? ಆಮೇಲೆ ನಿಯಮ ತಿದ್ದಿದರು. ನವೆಂಬರ್ 15ರಿಂದ ಹಿರಿಯ ಅಧಿಕಾರಿಯೇ ಕಾರಣ ಕೊಟ್ಟು ಬರೆಯಬೇಕು. ಒಳ್ಳೇದೇ. ಆದರೆ ಆ ಕಾರಣ ಹೋಗೋದೂ ಕಂಪನಿಗೇ!

ನಾನು ಆಫೀಸಿನಲ್ಲಿ ಗುಮಾಸ್ತ. ಒಬ್ಬ ಜವಾನನ ಒಂದು ಇನ್‌ಕ್ರಿಮೆಂಟ್ ತಡೆಯಬೇಕಂದ್ರೂ ಕಾರಣ ಕೇಳಿ ನೋಟಿಸ್, ಉತ್ತರಕ್ಕೆ ಗಡುವು, ಕಡತದಲ್ಲಿ ಟಿಪ್ಪಣಿ, ಆದೇಶಕ್ಕೊಂದು ನಂಬರು, ಮೇಲ್ಮನವಿಗೆ ಅವಕಾಶ. ಜವಾನನಿಗೆ ಸಿಗುವ ಈ ಕನಿಷ್ಠ ನ್ಯಾಯ ಪ್ರಜೆಯ ಮಾತಿಗೆ ಯಾಕಿಲ್ಲ? ಆದೇಶದ ಪ್ರತಿಯೇ ಕೈಗೆ ಸಿಗದವನು ಯಾವುದನ್ನು ಹಿಡಿದು ಕೋರ್ಟಿಗೆ ಹೋಗಬೇಕು? ಬಾಬಾಸಾಹೇಬರು ಸಂವಿಧಾನದ ಹೃದಯ, ಆತ್ಮ ಅಂದ 32ನೇ ವಿಧಿಯ ಬಾಗಿಲು ತಟ್ಟಲಿಕ್ಕೂ ಕೈಯಲ್ಲೊಂದು ಕಾಗದ ಬೇಕಲ್ವಾ?

ದೊಡ್ಡ ಪತ್ರಿಕೆಗೆ ವಕೀಲರಿದ್ದಾರೆ. ಊರಿನ ಹೋಟೆಲಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಶೂಟ್ ಮಾಡಿ ಹಾಕುವ ಹುಡುಗನಿಗೆ ಯಾರಿದ್ದಾರೆ? ನಮ್ಮ ಸುದ್ದಿಗೆ ಮುಖಪುಟ ಯಾವತ್ತೂ ಸುಲಭಕ್ಕೆ ಸಿಕ್ಕಿಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ ದುಡ್ಡು ಕೊಡ್ತೀವಂದ್ರೂ 'ಕೇಸರಿ' ಪತ್ರಿಕೆ ಜಾಹೀರಾತು ಹಾಕಲಿಲ್ಲ. ಇವತ್ತು ಶೇರ್ ಬಟನ್ನೇ ನಮ್ಮ ಮೂಕನಾಯಕ.

ದೆಹಲಿಯನ್ನಷ್ಟೇ ಬೈದು ಸುಮ್ಮನಾಗಲ್ಲ. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಸುಳ್ಳು ಸುದ್ದಿ ಮಸೂದೆಯ ಕರಡು ಹೊರಬಿತ್ತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಜೊತೆಗೆ ಸನಾತನ ಸಂಕೇತಗಳಿಗೆ ಅಗೌರವ ತೋರುವ ಬರಹಕ್ಕೂ ನಿಷೇಧ! ಹಾಗಾದ್ರೆ ಡಿಸೆಂಬರ್ 25ರಂದು ಮನುಸ್ಮೃತಿ ದಹನ ನೆನೆಯುವ ನಾವೆಲ್ಲ ಜೈಲಿಗಾ? ಇದು ಅಂತಿಮ ಅಲ್ಲ ಅಂತ ಸರ್ಕಾರ ಹೇಳಿತು. ಆದರೆ ಆ ಸಾಲು ಬರೆದ ಕೈ ಯಾವುದು?

ಹಾಗಂತ ಸುಳ್ಳು ಹಬ್ಬಲಿ ಅಂತಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳಿಗೆ ಹೈದರಾಬಾದಿನ ಯುವಕನನ್ನು ಹೊಡೆದು ಕೊಂದರು. ಅಂಥ ಸುಳ್ಳನ್ನು ಗಂಟೆಯೊಳಗೆ ತಡೆಯಲಿ, ಬೇಡ ಅಂದವರಾರು? ತಡೆದ ಮೇಲೆ ಮೂರು ಕೆಲಸ ಮಾಡಲಿ. ಬರೆದವನಿಗೆ ಆದೇಶದ ಪ್ರತಿ ಕೊಡಲಿ. ಅವನ ಮಾತು ಕೇಳಲಿ. ಸರಿಯೋ ತಪ್ಪೋ ಅನ್ನೋದನ್ನು ಆದೇಶ ಕೊಟ್ಟ ಅಧಿಕಾರಿ ಬಿಟ್ಟು ಬೇರೊಬ್ಬರು ತೀರ್ಮಾನಿಸಲಿ.

ನಿಮ್ಮ ಪೋಸ್ಟ್ ಯಾವುದಾದ್ರೂ ಹೀಗೆ ಮಾಯ ಆಗಿದ್ರೆ ಸ್ಕ್ರೀನ್‌ಶಾಟ್, ದಿನಾಂಕ, ಲಿಂಕ್ ಜೋಪಾನ ಮಾಡಿ. ಆರ್‌ಟಿಐ ಹಾಕಿ. ಉತ್ತರ ಕೊಡದಿದ್ದರೆ ಅದೂ ಒಂದು ದಾಖಲೆ. ಸಂಘಟನೆಗಳು ಇದನ್ನು ಪತ್ರಕರ್ತರ ಸಮಸ್ಯೆ ಅಂತ ಪಕ್ಕಕ್ಕಿಡಬೇಡಿ. ನಾಳೆ ನಮ್ಮ ಕೇರಿಗೆ ಬೆಂಕಿ ಬಿದ್ದರೆ ಹೊರಗೆ ಹೇಳೋ ದಾರಿ ಇದೊಂದೇ.

ಜೈ ಭೀಮ್.