ಪಾಠಟಿಪ್ಪಣಿ ಸಿದ್ಧವಾಗಿದೆ, ಹುದ್ದೆ ಎಲ್ಲಿದೆ?

ಮೇ ತಿಂಗಳು ಮುಗಿಯುವ ಹೊತ್ತಿಗೆ ಅಜ್ಜಂಪುರ ಸೀಮೆಯಲ್ಲಿ ಎರಡು ಬಗೆಯ ಸಿದ್ಧತೆ ಕಣ್ಣಿಗೆ ಬೀಳುತ್ತದೆ. ರೈತನು ಮುಂಗಾರಿಗೆ ಕುಂಟೆ-ಕೂರಿಗೆ ಸರಿಮಾಡಿಕೊಳ್ಳುತ್ತಾನೆ. ಡಿ.ಎಡ್., ಬಿ.ಎಡ್. ಓದುತ್ತಿರುವ ಅವನ ಮಗನೋ ಮಗಳೋ ಪಾಠಟಿಪ್ಪಣಿ ಬರೆದು, ರಟ್ಟು ಕತ್ತರಿಸಿ ಮಿಂಚುಪಟ್ಟಿ ಮಾಡಿ, ಶಾಲೆ ತೆರೆಯುವ ದಿನಕ್ಕೆ ಅಣಿಯಾಗುತ್ತಾರೆ. ಅಂತರಘಟ್ಟೆಯಂಥ ಊರಿನಲ್ಲಿ ಇಂಥ ಒಬ್ಬ ಪ್ರಶಿಕ್ಷಣಾರ್ಥಿ ಮನೆಗೆಲ್ಲ ಹೆಮ್ಮೆ. ಈರುಳ್ಳಿ ಮಾರಿದ ದುಡ್ಡು ಅವರ ಶುಲ್ಕಕ್ಕೆ ಹೋಗಿರುತ್ತದೆ.

ಮೂರನೆಯ ಸಿದ್ಧತೆಯೊಂದಿದೆ. ಅದು ಸರಕಾರ ಮಾಡಬೇಕಾದದ್ದು. ಅದು ಮಾತ್ರ ಎಲ್ಲಿಯೂ ಕಾಣದು.

ಮೇಷ್ಟರಾಗುವವನಿಂದ ಏನೇನು ಕೇಳುತ್ತಾರೆ, ನೋಡಿರಿ. ಒಂದು ವರ್ಷವಿದ್ದ ಬಿ.ಎಡ್. ಶಿಕ್ಷಣವನ್ನು 2014ರ ನಿಯಮಾವಳಿ ಎರಡು ವರ್ಷಕ್ಕೆ ಏರಿಸಿತು. ವಾರಗಟ್ಟಲೆ ಶಾಲೆಯಲ್ಲಿ ಅಭ್ಯಾಸ ಮಾಡಬೇಕೆಂದು ವಿಧಿಸಿತು. ಪ್ರಾಥಮಿಕ ಶಾಲೆಗೆ ಹೋಗುವವನು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯನ್ನು ಅರಿತಿರಬೇಕು. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪು ಮಾಡಿ ಕೂರಿಸಿ, ಒಬ್ಬೊಬ್ಬರನ್ನೂ ಅವರವರ ಮೆಟ್ಟಿಲಿನಿಂದ ಮುಂದಕ್ಕೆ ಏರಿಸಬೇಕು. ಅಷ್ಟಾದ ಮೇಲೆ ಅರ್ಹತಾ ಪರೀಕ್ಷೆ. ಅದರ ಮೇಲೆ ಸ್ಪರ್ಧಾ ಪರೀಕ್ಷೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಕೆಲವು ಕಾಲ ಸೀಮೆಸುಣ್ಣ ಹಿಡಿದಿದ್ದ ನನಗೆ ಗೊತ್ತು, ಬಡವರ ಮಕ್ಕಳಿಗೆ ಕಲಿಸುವವನು ಎಲ್ಲರಿಗಿಂತ ಚೆನ್ನಾಗಿ ಕಲಿತವನೇ ಆಗಿರಬೇಕು.

ಆದರೆ ಹೀಗೆ ಸಿದ್ಧನಾದವನು ಹೋಗಿ ನಿಲ್ಲುವುದು ಎಲ್ಲಿ? ಮೇಷ್ಟರು ಸಾಲದ ಶಾಲೆಯಲ್ಲಿ. ಅವನ ಹಿಂದೆ ಕುಳಿತು ಪಾಠ ನೋಡಿ ತಿದ್ದಬೇಕಾದ ಹಿರಿಯ ಉಪಾಧ್ಯಾಯನಿಗೆ ಪಕ್ಕದ ಕೋಣೆಯಲ್ಲಿ ಇನ್ನೆರಡು ತರಗತಿ ಕಾದಿರುತ್ತವೆ. ಕಲಿಯಲು ಬಂದವನು ಮೊದಲ ವಾರದಲ್ಲೇ ಕಲಿಸುವವನ ಜಾಗ ತುಂಬಬೇಕಾಗುತ್ತದೆ. ಇದಕ್ಕೆ ತರಬೇತಿ ಎಂದು ಹೆಸರಿಟ್ಟಿದ್ದಾರೆ. ನಮ್ಮ ಹಳ್ಳಿಯವರು ಇದನ್ನು ಬಿಟ್ಟಿ ಚಾಕರಿ ಎನ್ನುತ್ತಾರೆ. ಅವನು ಹೊರಟುಹೋದ ದಿನ ಆ ತರಗತಿ ಮತ್ತೆ ಅನಾಥ.

ಇದು ಬಡತನದ ದೇಶದಲ್ಲಿ ಅನಿವಾರ್ಯವೆಂದು ಹೇಳುವವರು ತಾವೇ ಮಾಡಿದ ಕಾನೂನನ್ನು ಓದಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು ಉಪಾಧ್ಯಾಯರಿರಬೇಕು. ಯಾವ ಶಾಲೆಯಲ್ಲೂ ಖಾಲಿ ಹುದ್ದೆ ನೂರಕ್ಕೆ ಹತ್ತನ್ನು ಮೀರಕೂಡದೆಂದು ಅದೇ ಕಾಯಿದೆಯ 26ನೆಯ ಕಲಂ ಹೇಳುತ್ತದೆ. ಇಬ್ಬರು ಮೇಷ್ಟರ ಶಾಲೆಯಲ್ಲಿ ಒಬ್ಬರಿಲ್ಲವೆಂದರೆ ಕೊರತೆ ನೂರಕ್ಕೆ ಐವತ್ತು! ಏಕೋಪಾಧ್ಯಾಯ ಶಾಲೆ ಎಂಬ ಮಾತೇ ಕಾನೂನಿನ ಉಲ್ಲಂಘನೆ. ಬಡವನೊಬ್ಬ ಕಾನೂನು ಮೀರಿದರೆ ಪೋಲೀಸರು ಬರುತ್ತಾರೆ; ಸರಕಾರ ಮೀರಿದರೆ ಸುತ್ತೋಲೆ ಬರುತ್ತದೆ.

ಆ ಸುತ್ತೋಲೆಯ ಹೆಸರು ‘ಅತಿಥಿ ಶಿಕ್ಷಕರು’. 2025-26ನೆಯ ಸಾಲಿಗೆ 51,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರಕಾರ ಅನುಮತಿ ಕೊಟ್ಟಿತು. ಇದರ ತಾತ್ಪರ್ಯವೇನು? ಕೆಲಸವಿದೆ, ಮಕ್ಕಳಿದ್ದಾರೆ, ಹುದ್ದೆ ಖಾಲಿ ಇದೆ. ಪೂರ್ಣ ಸಂಬಳ ಕೊಡುವ ಮನಸ್ಸು ಮಾತ್ರ ಇಲ್ಲ. ಆ ವರ್ಷ 2,000 ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿಗೆ ತಿಂಗಳಿಗೆ ನಿಂತದ್ದು 12,000 ರೂಪಾಯಿ. ಶಾಲೆ ನಡೆಯುವ ಹತ್ತು ತಿಂಗಳಿಗೆ ಸಿಗುವುದು 1,20,000. ಹನ್ನೆರಡು ತಿಂಗಳ ಹೊಟ್ಟೆಗೆ ಹಂಚಿದರೆ ತಿಂಗಳಿಗೆ 10,000. ಬೇಸಗೆ ರಜೆಯಲ್ಲಿ ಅತಿಥಿಗೆ ಹಸಿವಾಗುವುದಿಲ್ಲವೇ? ನಮ್ಮಲ್ಲಿ ಅತಿಥಿಯನ್ನು ಕೂರಿಸಿ ಉಣಬಡಿಸುತ್ತಾರೆ. ದುಡಿಸಿಕೊಂಡು ಅರೆಹೊಟ್ಟೆಯಲ್ಲಿ ಕಳಿಸುವುದಕ್ಕೆ ಆ ಹೆಸರನ್ನು ಇಟ್ಟವರ ಜಾಣತನಕ್ಕೆ ಏನೆನ್ನೋಣ! ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ತತ್ತ್ವ ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆಂದು 2016ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ವಿಧಾನಸೌಧಕ್ಕೆ ಆ ತೀರ್ಪು ಇನ್ನೂ ತಲುಪಿಲ್ಲವೋ ಏನೋ.

ಇರುವ ಮೇಷ್ಟರನ್ನಾದರೂ ಪಾಠಕ್ಕೆ ಬಿಡುತ್ತಾರೆಯೇ? ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ತುಂಬುವ ಮಾಹಿತಿ, ಮತದಾರರ ಪಟ್ಟಿ, ಎಲ್ಲವೂ ಅವನ ತಲೆಯ ಮೇಲೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟರನ್ನು ಮನೆ ಮನೆಗೆ ಕಳುಹಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಹಿಂದುಳಿದವರ ಲೆಕ್ಕ ಬೇಕೇ ಬೇಕು. ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ ಹಿಂದುಳಿದವರನ್ನು ಎಣಿಸುವುದಕ್ಕೆ ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಬೇಕೇ? ಆ ಕೆಲಸಕ್ಕೆ ಓದಿ ಕುಳಿತ ನಿರುದ್ಯೋಗಿ ತರುಣರು ಕಡಿಮೆಯಿದ್ದರೇ?

‘ಹಳ್ಳಿ ಶಾಲೆಗೆ ಮಕ್ಕಳೇ ಬರುವುದಿಲ್ಲ, ಮೇಷ್ಟರನ್ನು ಏಕೆ ಕೊಡಬೇಕು’ ಎಂಬ ವಾದವೂ ಇದೆ. ಇದು ಬಾವಿಗೆ ಮಣ್ಣು ಮುಚ್ಚಿ ನೀರಿಲ್ಲವೆಂದು ದೂರಿದ ಹಾಗೆ. ಐದು ತರಗತಿಗೆ ಒಬ್ಬ ಮೇಷ್ಟರನ್ನು ಕಂಡ ಕೂಲಿಕಾರನೂ ಸಾಲ ಮಾಡಿ ಮಗುವನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾನೆ. ಮಕ್ಕಳು ಹೋದದ್ದರಿಂದ ಮೇಷ್ಟರು ಹೋಗಲಿಲ್ಲ. ಮೇಷ್ಟರಿಲ್ಲದ್ದರಿಂದ ಮಕ್ಕಳು ಹೋದರು.

ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟುವ ರೈತನನ್ನು ಕೇಳಿರಿ. ಎತ್ತು ಎಷ್ಟೇ ಬಲವಾಗಿರಲಿ, ಅಮೃತಮಹಲ್ ತಳಿಯದೇ ಆಗಿರಲಿ, ಜೋಡೆತ್ತಿನ ನೊಗಕ್ಕೆ ಒಂದನ್ನೇ ಕಟ್ಟಿ ಹೊರಡುವ ಮೂರ್ಖ ಆ ಸೀಮೆಯಲ್ಲಿಲ್ಲ. ರಾಜ್ಯವಾಳುವವರಿಗೆ ಇಷ್ಟು ತಿಳಿಯದೆ? ತಿಳಿದಿದೆ. ಗಾಡಿಯಲ್ಲಿ ಕುಳಿತವರು ತಮ್ಮ ಮಕ್ಕಳಲ್ಲವಾದ್ದರಿಂದ ಅವರಿಗೆ ಅವಸರವಿಲ್ಲ, ಅಷ್ಟೆ.

ಆದುದರಿಂದ ನಮ್ಮ ಒತ್ತಾಯ ಇಷ್ಟು: 26ನೆಯ ಕಲಮಿನಂತೆ ಪ್ರತಿ ಶಾಲೆಯ ಖಾಲಿ ಹುದ್ದೆಯನ್ನು ಶಾಲೆ ತೆರೆಯುವ ಮುನ್ನ ಕಾಯಂ ನೇಮಕದಿಂದ ತುಂಬಬೇಕು. ಅಲ್ಲಿಯವರೆಗೆ ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳೂ ಸಮಾನ ವೇತನ ಕೊಡಬೇಕು. ಪ್ರಶಿಕ್ಷಣಾರ್ಥಿಯನ್ನು ಮಾರ್ಗದರ್ಶಕ ಉಪಾಧ್ಯಾಯನಿಲ್ಲದ ತರಗತಿಗೆ ಒಂಟಿಯಾಗಿ ಬಿಡಕೂಡದು. ಅಭ್ಯಾಸದ ಅವಧಿಗೆ ಅವನಿಗೆ ಭತ್ಯ ಸಲ್ಲಬೇಕು.

ಬಂಧುಗಳೇ, ಶಾಲೆಯ ಪ್ರಾರಂಭೋತ್ಸವಕ್ಕೆ ತಳಿರುತೋರಣ ಕಟ್ಟುವ ದಿನ ನೀವೂ ಹೋಗಿರಿ. ಮಕ್ಕಳನ್ನು ಎಣಿಸಿರಿ, ಮೇಷ್ಟರನ್ನು ಎಣಿಸಿರಿ. ಲೆಕ್ಕ ಕೂಡದಿದ್ದರೆ ಶಾಲಾಭಿವೃದ್ಧಿ ಸಮಿತಿಯಿಂದ ಠರಾವು ಮಾಡಿಸಿ, ಊರವರೆಲ್ಲ ರುಜು ಹಾಕಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಬ್ಬೊಬ್ಬರಾಗಿ ಅಲ್ಲ, ಗಾಡಿಗಟ್ಟಲೆ ಹೋಗಿರಿ. ಅರ್ಜಿ ಕೊಟ್ಟು ಬರಬೇಡಿ. ಉತ್ತರ ತೆಗೆದುಕೊಂಡು ಬನ್ನಿ.