ಊರ ನೆಲವೂ ಶಾಲೆಯ ಇತಿಹಾಸವೂ

ಭೀಮಾ ತೀರದ ಯಾವುದಾದರೊಂದು ಹಳ್ಳಿಯ ಪ್ರೌಢಶಾಲೆಗೆ ಹೋಗಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ, ಮೊಹೆಂಜೊದಾರೊ ನಗರದ ಸ್ನಾನದ ಕೊಳದ ವಿಷಯವಾಗಿ ಪ್ರಶ್ನೆ ಮಾಡಿದರೆ, ಆತ ತಡವರಿಸದೆ ಉತ್ತರ ಕೊಟ್ಟಾನು. ಅಶೋಕನು ಕಳಿಂಗ ಯುದ್ಧದ ತರುವಾಯ ಮನಸ್ಸು ಬದಲಿಸಿದುದನ್ನೂ ಹೇಳಿಯಾನು. ಅದೇ ಹುಡುಗನನ್ನು, "ನಿಮ್ಮೂರ ಹನುಮಂತದೇವರ ಗುಡಿಯ ಮುಂದೆ ನೆಟ್ಟಿದೆಯಲ್ಲ, ಅದು ಏನಪ್ಪಾ?" ಎಂದು ಕೇಳಿದರೆ, "ಅದು ಹಳೀ ಕಲ್ಲದರೀ ಸರ" ಎಂದು ನಕ್ಕು ಕುಳಿತುಕೊಳ್ಳುತ್ತಾನೆ. ತಪ್ಪು ಹುಡುಗನದಲ್ಲ. ಆ ಕಲ್ಲಿನ ಮೇಲೆ ಪ್ರಶ್ನೆ ಕೇಳಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಪ್ರಾಚೀನ ಇತಿಹಾಸವೆಂಬುದು ದೂರದ ದೊಡ್ಡ ಊರುಗಳಲ್ಲಿ ನಡೆದ ಸಂಗತಿ, ತಮ್ಮ ಊರಿಗೆ ಅದರಲ್ಲಿ ಪಾಲಿಲ್ಲ ಎಂಬ ಭಾವನೆ ಶಾಲೆಯ ಮಕ್ಕಳಲ್ಲಿ ಬೇರೂರಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಸುಳ್ಳು ಮತ್ತೊಂದಿಲ್ಲ. ಆಳಂದದ ನೆಲದಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಭಕ್ತರು ಮಿಂದೇಳುವ ಸಂಗಮವೇ ಅದು. ಮುಂದೆ ಭೀಮೆ ಜೇವರ್ಗಿಯ ಸೀಮೆಯನ್ನು ಹಾಯ್ದು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಗೆ ಬರುತ್ತಾಳೆ. ಈ ಒಂದು ನೀರಿನ ದಾರಿಯನ್ನು ಹಿಡಿದು ನಡೆದರೆ ಇತಿಹಾಸದ ಪುಸ್ತಕದ ಅರ್ಧ ಪಾಠಗಳು ದಡದಲ್ಲೇ ಸಿಕ್ಕುತ್ತವೆ.

ಜೇವರ್ಗಿಯ ಮಾತು ಮೊದಲು. ಕಲ್ಲುಗಳನ್ನು ದುಂಡಗೆ ಜೋಡಿಸಿದ ಬಳೆಯಂಥ ಆವರಣ, ನಡುವೆ ಕಲ್ಲುಮಣ್ಣಿನ ಗುಡ್ಡೆ, ಒಳಗೆ ಸಮಾಧಿ: ಇಂಥವು ಆ ಊರಿನ ಸುತ್ತ ಹಿಂದೆ ಹಲವು ಇದ್ದವು. ಈ ಬಗೆಯ ಸಮಾಧಿಗಳನ್ನು ಕನ್ನಡ ನಾಡಿನ ಜನ 'ಮೋರೇರ ಮನೆ' ಎಂದು ಕರೆದು, ಮೊಳದುದ್ದದ ಕುಳ್ಳ ಜನಗಳು ಅವುಗಳಲ್ಲಿ ವಾಸಿಸುತ್ತಿದ್ದರೆಂದು ಕಥೆ ಕಟ್ಟಿದ್ದುಂಟು. ಪಾಂಡವರು ವನವಾಸದಲ್ಲಿ ಕಟ್ಟಿದರೆಂದು ಹೇಳಿದ್ದೂ ಉಂಟು. 1850ರ ಆಸುಪಾಸಿನಲ್ಲಿ ಜೇವರ್ಗಿಯ ಕೆಲವು ಗುಡ್ಡೆಗಳನ್ನು ಫಿಲಿಪ್ ಮೆಡೋಸ್ ಟೇಲರ್ ಎಂಬಾತ ಅಗೆಸಿ ನೋಡಿದನು. ಈತ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಠಕ್ಕರ ವೃತ್ತಾಂತವನ್ನು ಕಾದಂಬರಿಯಾಗಿ ಬರೆದು 1839ರಲ್ಲಿಯೇ ಹೆಸರು ಪಡೆದಿದ್ದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆಂದು ಹಡಗು ಹತ್ತಿಸಿ ಕಳುಹಿಸಲ್ಪಟ್ಟ ಹುಡುಗ. 1824ರಲ್ಲಿ ನಿಜಾಮರ ಸೇವೆಗೆ ಸೇರಿದವನು.

ಗುಡ್ಡೆಗಳೊಳಗೆ ಆತನಿಗೆ ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಅಸ್ಥಿಗಳು ದೊರೆತವು. ಕೆಲವೆಡೆ ತಲೆಯನ್ನು ದೇಹದಿಂದ ಬೇರ್ಪಡಿಸಿ ಹೂಳಿದ್ದುದನ್ನು ಕಂಡು ಆತ ನರಬಲಿಯ ಊಹೆ ಮಾಡಿದ. ಯೂರೋಪಿನ ಪುರಾತನ ಸಮಾಧಿಗಳಿಗೂ ಇವಕ್ಕೂ ಇರುವ ಹೋಲಿಕೆಯಿಂದ ಬೆರಗಾಗಿ, ಎಲ್ಲವನ್ನೂ ಒಂದೇ ಜನಾಂಗದವರು ಕಟ್ಟಿರಬೇಕೆಂದು ಭಾವಿಸಿದ. ಆ ವಾದವನ್ನು ಇಂದು ಯಾರೂ ಒಪ್ಪುವುದಿಲ್ಲ. ಇವು ದಕ್ಷಿಣದಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲದವು, ಬಹುಮಟ್ಟಿಗೆ ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನಕ್ಕೆ ಸೇರಿದವು ಎಂದು ಈಗ ತಿಳಿದಿದೆ. ಆದರೆ ಟೇಲರನ ವಾದ ಬಿದ್ದುಹೋದರೂ ಆತನ ಕೆಲಸ ಬೀಳಲಿಲ್ಲ. ಅದಕ್ಕೆ ಕಾರಣವಿದೆ. ಗುಡ್ಡೆಯನ್ನು ಸೀಳಿದಾಗ ಯಾವ ಪದರದ ಮಣ್ಣು ಎಲ್ಲಿತ್ತು, ಯಾವ ಕಲ್ಲು ಎಷ್ಟು ಆಳದಲ್ಲಿತ್ತು, ಅಸ್ಥಿ ಯಾವ ದಿಕ್ಕಿಗೆ ಮಲಗಿತ್ತು ಎಂಬುದನ್ನು ಅಳೆದು, ಕಂಡದ್ದನ್ನು ಕಂಡ ಹಾಗೆ ಚಿತ್ರಿಸಿ ಇಟ್ಟನು. ನೂರು ವರ್ಷಗಳ ಅನಂತರ, 1954ರಲ್ಲಿ, ಸರ್ ಮಾರ್ಟಿಮರ್ ವೀಲರ್ ಉತ್ಖನನದ ಕ್ರಮವನ್ನು ಕುರಿತು ಗ್ರಂಥ ಬರೆದಾಗ ಆ ಹಳೆಯ ನಕ್ಷೆಯನ್ನು ಎತ್ತಿ ತೋರಿಸಿ ಮೆಚ್ಚಿಕೊಂಡನು. ಈ ವೀಲರನೇ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿ, ಅಂಥ ಸಮಾಧಿಗಳ ಕಾಲವನ್ನು ಗೊತ್ತುಪಡಿಸಲು ಯತ್ನಿಸಿದವನು.

ಒಂದು ಅಳತೆಪಟ್ಟಿ, ಒಂದು ಸೀಸದ ಕಡ್ಡಿ, ಕಂಡದ್ದನ್ನು ಬದಲಿಸದೆ ಬರೆಯುವ ಪ್ರಾಮಾಣಿಕತೆ! ಜೇವರ್ಗಿಯ ಹೆಸರನ್ನು ಪ್ರಪಂಚದ ವಿದ್ವಾಂಸರ ಪುಸ್ತಕಗಳಿಗೆ ಸೇರಿಸಿದ್ದು ಇಷ್ಟೇ. ಈ ಕಥೆಯನ್ನು ಜೇವರ್ಗಿಯ ಶಾಲೆಗಳಲ್ಲಿ ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೇಳದೆ ಇರುವರೆ?

ಪಠ್ಯಪುಸ್ತಕವನ್ನು ದೂಷಿಸಬೇಕಾದುದಿಲ್ಲ. ರಾಜ್ಯದ ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ 'ಆಧಾರಗಳು' ಎಂಬ ಪಾಠವೇ ಇತಿಹಾಸದ ಮೊದಲ ಪಾಠವಾಗಿ ಬಂದದ್ದುಂಟು. ಸಾಹಿತ್ಯದ ಆಧಾರ, ಶಾಸನದ ಆಧಾರ, ನಾಣ್ಯ, ಸ್ಮಾರಕ ಎಂದು ಅದರಲ್ಲಿ ವಿವರಣೆ ಇರುತ್ತದೆ. ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೆ ಆಧಾರಗಳ ಪಾಠವನ್ನು ಆಧಾರವಿಲ್ಲದೆ ಕಲಿಸುತ್ತಾರೆ! ಶಾಸನ ಎಂದರೇನು ಎಂಬುದಕ್ಕೆ ಎರಡು ವಾಕ್ಯದ ಉತ್ತರವನ್ನು ಬಾಯಿಪಾಠ ಮಾಡಿಸುತ್ತಾರೆ. ಕಿಟಕಿಯಿಂದ ಇಣುಕಿದರೆ ಕಾಣುವ ಶಾಸನದ ಕಡೆಗೆ ಬೆರಳು ತೋರಿಸುವುದಿಲ್ಲ. ಉಪಾಧ್ಯಾಯರ ಕಷ್ಟವೂ ಇಲ್ಲದಿಲ್ಲ. ಅವರಲ್ಲಿ ಅನೇಕರು ದೂರದ ಊರಿನಿಂದ ವರ್ಗವಾಗಿ ಬಂದವರು; ಪರೀಕ್ಷೆಯ ಹೊತ್ತಿಗೆ ಪಾಠ ಮುಗಿಸಬೇಕಾದವರು. ವರ್ಷಕ್ಕೊಮ್ಮೆ ಪ್ರವಾಸ ಹೊರಟರೆ ಮಕ್ಕಳೂ ತಂದೆತಾಯಿಗಳೂ ಮೈಸೂರನ್ನೇ ಬಯಸುತ್ತಾರೆ. ಇನ್ನು ನಗರದ ಮನೆಗಳಲ್ಲಿಯಂತೂ, ಇತಿಹಾಸದಲ್ಲಿ ಒಲವು ತೋರಿದ ಹುಡುಗನನ್ನು ಹಿರಿಯರು ಕನಿಕರದಿಂದ ನೋಡುವ ರೂಢಿ ಬಂದುಬಿಟ್ಟಿದೆ.

ಈ ಸೀಮೆಗೆ ಇನ್ನೂ ಒಂದು ಹಿಂದಣ ಕಾರಣವುಂಟು. ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸುತ್ತ ಬಂದರು. ಕಲಬುರಗಿ ಆಗ ನಿಜಾಮರ ರಾಜ್ಯದೊಳಗಿತ್ತು. ಆ ಸಂಪುಟಗಳ ಎಲ್ಲೆಯ ಆಚೆ ಉಳಿಯಿತು. ಹೈದರಾಬಾದಿನಲ್ಲಿ ಪ್ರಾಚ್ಯವಸ್ತು ಇಲಾಖೆ ಹುಟ್ಟಿದ್ದು 1914ರಲ್ಲಿ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ. ಮರುವರ್ಷವೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 'ಅಶೋಕ' ಎಂಬ ಹೆಸರನ್ನೇ ಹೊತ್ತ ಶಾಸನ ಬೆಳಕಿಗೆ ಬಂದಿತು. ಆದರೆ ಆಗಿನ ಸರಕಾರಿ ಪ್ರೌಢಶಿಕ್ಷಣದ ಮಾಧ್ಯಮ ಉರ್ದು. ಗುಡಿಯ ಮುಂದಿನ ಹಳಗನ್ನಡದ ಕಲ್ಲಿಗೂ ಶಾಲೆಯ ಪಾಟಿಗೂ ನಡುವೆ ಸೇತುವೆ ಇರಲಿಲ್ಲ. 1948ರಲ್ಲಿ ಆ ರಾಜ್ಯ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಜಿಲ್ಲೆ ಕನ್ನಡ ನಾಡಿನೊಡನೆ ಕೂಡಿಕೊಂಡ ಮೇಲೆ ಸೇತುವೆ ಕಟ್ಟಲು ಅಡ್ಡಿಯಿರಲಿಲ್ಲ.

ಕಲ್ಲನ್ನು ಓದಲು ಪಂಡಿತನೇ ಆಗಬೇಕೆಂದಿಲ್ಲ. ವೀರಗಲ್ಲನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ಎಷ್ಟೋ ಕಡೆ ಪಕ್ಕದಲ್ಲಿ ದನಗಳ ಹಿಂಡೂ ಇರುತ್ತದೆ, ತುರುಗಳನ್ನು ಬಿಡಿಸುವಾಗ ಸತ್ತವನೆಂಬುದಕ್ಕೆ ಗುರುತಾಗಿ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ. ಅಕ್ಷರ ಬಾರದ ಮುದುಕಿಯೂ ಬೆರಳಿಟ್ಟು ಹೇಳಬಹುದಾದ ಚಿತ್ರಕಥೆ ಅದು. ದಾನಶಾಸನದ ನೆತ್ತಿಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುವುದು ಏಕೆಂದು ಕೇಳಿದರೆ, ಅವರಿರುವ ತನಕ ದಾನ ನಡೆಯಬೇಕೆಂಬ ಆಶಯವನ್ನು ಮಕ್ಕಳು ತಾವೇ ಊಹಿಸಬಲ್ಲರು. ಆಳಂದದ ಹುಡುಗಿಗೆ, ಅವಳ ಊರು ಕಲ್ಯಾಣದ ಚಾಳುಕ್ಯರ ಕಾಲದಲ್ಲಿ 'ಅಲಂದೆ ಸಾಸಿರ'ವೆಂಬ ನಾಡಿಗೇ ಹೆಸರು ಕೊಟ್ಟಿದ್ದಿತೆಂದು ಹೇಳಿದರೆ, ಮರುದಿನ ಅವಳು ಸುತ್ತಣ ಹತ್ತು ಹಳ್ಳಿಗಳ ಹೆಸರಿನ ಮೂಲ ಕೇಳಿಕೊಂಡು ಬರುವಳು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿದ್ದ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳನ್ನು ಕಲಿಸುವ ಉಪಾಧ್ಯಾಯರ ಜತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಪುಸ್ತಕ ಕಾಯುವವರು, ಇದ್ದರೆಂದು ಅದು ತಿಳಿಸುತ್ತದೆ. ಇಂದು ಒಬ್ಬ ಪುಸ್ತಕ ಭಂಡಾರಿಯಾದರೂ ಇರುವ ಪ್ರೌಢಶಾಲೆಗಳು ಎಷ್ಟಿವೆಯೋ!

ಮಕ್ಕಳಿಗೆ ಗುದ್ದಲಿ ಕೊಡಬೇಕೆಂದು ಇದರ ಅರ್ಥವಲ್ಲ. ಅನುಮತಿಯಿಲ್ಲದೆ ಅಗೆಯುವುದು ಕಾನೂನಿಗೆ ವಿರುದ್ಧ; ಅಗೆದ ಮೇಲೆ ಆ ಪುಟವನ್ನು ಮತ್ತೆ ಯಾರೂ ಓದಲಾರರು. ಅಕ್ಷರಗಳ ಮೇಲೆ ಸುಣ್ಣ, ಎಣ್ಣೆ, ಬಣ್ಣ ಬಳಿಯುವುದೂ ಕೂಡದು. ನೋಡುವುದು, ಅಳೆಯುವುದು, ಚಿತ್ರ ಬರೆಯುವುದು, ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳುವುದು, ಇಷ್ಟು ಶಾಲೆಯಿಂದ ಸಾಧ್ಯ. ಇದರಿಂದ ಅಂಕ ಹೆಚ್ಚುವುದೋ ಇಲ್ಲವೋ, ಕಲ್ಲು ಉಳಿಯುತ್ತದೆ. ನಿಧಿಯ ಆಸೆಗೆ ಅಮಾವಾಸ್ಯೆಯ ರಾತ್ರಿ ಹಾಳುಗುಡಿಯ ಗರ್ಭಗೃಹವನ್ನು ಅಗೆಯುವವರು ಈ ನಾಡಿನಲ್ಲಿ ಎಲ್ಲ ಕಾಲದಲ್ಲಿಯೂ ಇದ್ದಾರೆ. ಹೊಲ ಸಮಮಾಡುವ ಯಂತ್ರ ಸಾವಿರಾರು ವರ್ಷದ ಗುಡ್ಡೆಯೊಂದನ್ನು ಒಂದು ಮಧ್ಯಾಹ್ನದಲ್ಲಿ ಒರೆಸಿಹಾಕಬಲ್ಲುದು. ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ, ಶಾಸನ ಬಚ್ಚಲಿನ ಹಾಸುಗಲ್ಲಾಗುತ್ತದೆ. ಇಲಾಖೆಯ ಕಾವಲುಗಾರ ಪ್ರತಿಯೊಂದು ಹೊಲಕ್ಕೂ ಬರಲಾರ. ಹೊಲದ ಒಡೆಯನ ಮಗನಿಗೆ ತಿಳಿದಿದ್ದರೆ ಮಾತ್ರ, "ಅಪ್ಪಾ, ಇದನ್ನ ಕೀಳಬ್ಯಾಡ, ನಮ್ಮ ಸರಗ ಒಮ್ಮಿ ತೋರಸ್ತೀನಿ" ಎನ್ನುವ ದನಿಯೊಂದು ಏಳುತ್ತದೆ.

ಕಣ್ಣು ತಪ್ಪಿದರೆ ಏನಾಗುವುದೆಂಬುದಕ್ಕೆ ಸನ್ನತಿಯ ಕಥೆಯೊಂದೇ ಸಾಕು. ಚಂದ್ರಲಾಂಬೆ ಅನೇಕ ಮನೆತನಗಳ ಕುಲದೇವತೆ. ವಾಚಕರಲ್ಲಿ ಹಲವರು ಮಕ್ಕಳ ಜವುಳಕ್ಕೋ ಹರಕೆಗೋ ಸನ್ನತಿಗೆ ಹೋಗಿ ಬಂದವರೇ. ಆ ಸೀಮೆಯಲ್ಲಿ ಬೌದ್ಧ ಅವಶೇಷಗಳಿವೆಯೆಂದು 1954ರಲ್ಲಿಯೇ ಕಪಟರಾಳ ಕೃಷ್ಣರಾಯರು ಗಮನಕ್ಕೆ ತಂದಿದ್ದರು. ಆದರೂ ದೊಡ್ಡ ಗುಟ್ಟು ಹೊರಬೀಳಲು ಇನ್ನೂ ಮೂರು ದಶಕ ಬೇಕಾಯಿತು. 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಅದನ್ನು ನಿಲ್ಲಿಸಿದ್ದ ಪೀಠದ ಚಪ್ಪಡಿಯ ಮೇಲೆ ಅಕ್ಷರಗಳಿದ್ದವು. 1989ರಲ್ಲಿ ವಿದ್ವಾಂಸರು ಓದಿದಾಗ ಅದು ಅಶೋಕನ ಶಾಸನವೆಂದು ತಿಳಿಯಿತು! ಒಂದು ಮುಖದಲ್ಲಿ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಶಾಸನಗಳು. ಇನ್ನೊಂದು ಮುಖದಲ್ಲಿ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು. ಶತಮಾನಗಳ ಹಿಂದೆ ಯಾರೋ ಶಿಲ್ಪಿ, ಮೂರ್ತಿ ಕೂಡಿಸಲು ಅನುಕೂಲವಾಗಲೆಂದು, ಆ ಚಪ್ಪಡಿಯ ನಡುವೆ ಚೌಕವಾಗಿ ತೂತು ಕೊರೆದಿದ್ದನು. ತೂತಿನೊಡನೆ ಎಷ್ಟೋ ಅಕ್ಷರಗಳು ಪುಡಿಯಾಗಿ ಹೋದವು. ಅವನಿಗೆ ಓದಲು ಬರುತ್ತಿರಲಿಲ್ಲ. ಆ ಲಿಪಿಯನ್ನು ಬಲ್ಲವರು ಅವನ ಕಾಲದಲ್ಲಿ ಉಳಿದಿರಲೂ ಇಲ್ಲ. ಅನ್ಯರ ಮತವನ್ನು ಹೀಗಳೆಯಬೇಡಿರಿ, ಅವರ ಮಾತಿಗೂ ಕಿವಿಗೊಡಿರಿ ಎಂದು ಬೋಧಿಸುವ ಹನ್ನೆರಡನೆಯ ಶಾಸನದ ಮೇಲೆ ಮತ್ತೊಂದು ಮತದ ದೇವತೆ ಅಷ್ಟು ಕಾಲ ನಿಂತು ಪೂಜೆಗೊಂಡಳೆಂಬುದು ಎಂಥ ವಿಚಿತ್ರ! ಪೀಠವಾಗಿ ಮಣ್ಣಿನಲ್ಲಿ ಮುಚ್ಚಿಹೋದುದರಿಂದಲೇ ಉಳಿದ ಅಕ್ಷರಗಳು ಮಳೆ ಬಿಸಿಲಿನಿಂದ ಬದುಕಿದವೆನ್ನಬಹುದು.

ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯವರು ಅಗೆದಾಗ ಮಹಾಸ್ತೂಪವೊಂದು ಹೊರಬಂದಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಶಾತವಾಹನ ಅರಸರ ರೂಪಗಳನ್ನು ಹೆಸರು ಸಹಿತ ಕೆತ್ತಿದ ಫಲಕಗಳು ಅಲ್ಲಿ ದೊರೆತವು. ಅವೆಲ್ಲಕ್ಕೂ ಮಿಗಿಲಾದ ಫಲಕವೊಂದರಲ್ಲಿ, ಛತ್ರ ಚಾಮರಗಳ ನಡುವೆ, ರಾಣಿಯರೊಡನೆ ಅಶೋಕ ನಿಂತಿದ್ದಾನೆ. ಶಿಲ್ಪಿ ಆತನನ್ನು ಕಂಡವನಲ್ಲ. ಅಶೋಕನ ಕಾಲಕ್ಕೆ ಶತಮಾನಗಳ ಅನಂತರ ಕೆತ್ತಿದವನು. ಹೀಗಿದ್ದರೂ ಹೆಸರು ಬರೆದ ಅಶೋಕನ ಚಿತ್ರ ಇದಕ್ಕೆ ಮೊದಲು ಎಲ್ಲಿಯೂ ಸಿಕ್ಕಿರಲಿಲ್ಲ. ಬಹು ವರ್ಷಗಳ ಕಾಲ ಅಲ್ಲಿನ ಕಲ್ಲುಗಳು ಬಯಲಿನಲ್ಲಿಯೇ ಸಾಲಾಗಿ ಮಲಗಿದ್ದವು. ಇತ್ತೀಚೆಗೆ ಅವುಗಳನ್ನು ಮತ್ತೆ ಜೋಡಿಸುವ ಕೆಲಸ ನಡೆದಿದೆ.

ಗಾಣಗಾಪುರಕ್ಕೂ ಸನ್ನತಿಗೂ ಹೋಗುವ ಸಂಸಾರಗಳು ದರ್ಶನ ಮುಗಿದು ಊಟಕ್ಕೆ ಏಳುವ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಂಡು ಕನಗನಹಳ್ಳಿಗೆ ಮಕ್ಕಳನ್ನು ಕರೆದೊಯ್ಯಬಹುದು. ಹೊರಡುವ ಮುನ್ನ ಬ್ರಾಹ್ಮಿಯ ಒಂದೇ ಒಂದು ಅಕ್ಷರ ಹೇಳಿಕೊಟ್ಟರೆ ಸಾಕು. ಬ್ರಾಹ್ಮಿಯ 'ಕ' ಎಂಬುದು ಲೆಕ್ಕದ ಕೂಡಿಸುವ ಗುರುತಿನ ಹಾಗೆಯೇ ಇರುತ್ತದೆ, ಒಂದು ಅಡ್ಡ ಗೀರು, ಒಂದು ಉದ್ದ ಗೀರು. ಫಲಕದ ಮೇಲೆ ಅರಸನ ಹೆಸರನ್ನು ಬರೆದಿರುವಲ್ಲಿ, ಕಟ್ಟಕಡೆಗೆ, ಆ ಗುರುತನ್ನು ಮಕ್ಕಳು ತಾವಾಗಿಯೇ ಹುಡುಕಿ ತೆಗೆಯುತ್ತಾರೆ.