ಸಹಿ ಹಾಕೋ ಮುಂಚೆ ಓದಿ ಸ್ವಾಮಿ!

ಅಪ್ಪ ಹೋಗಿ ವರ್ಷವಾಯ್ತು. ಉಯಿಲು ಬರೆದಿರಲಿಲ್ಲ. ಹನುಮಂತನಗರದ ಮನೆಯ ಖಾತೆ ಈಗ ಅಮ್ಮನ, ನನ್ನ ಇಬ್ಬರ ಹೆಸರಿಗೂ ಆಗಬೇಕು. ನಾನಿರೋದು ಡಲ್ಲಾಸಿನಲ್ಲಿ. "ಜನರಲ್ ಪವರ್ ಆಫ್ ಅಟಾರ್ನಿ ಕಳ್ಸಿ ಸಾರ್, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅಂದ ಒಬ್ಬ ಏಜೆಂಟ್. ಅವನ ಡ್ರಾಫ್ಟಿನ ನಾಲ್ಕನೇ ಪುಟದಲ್ಲಿ ನನ್ನ ಪಾಲನ್ನ ಮಾರೋ, ಅಡ ಇಡೋ ಅಧಿಕಾರವೂ ಇತ್ತು! ಖಾತೆ ಬದಲಾಯಿಸೋಕೆ ಮಾರೋ ಅಧಿಕಾರ ಯಾಕ್ರೀ?

ಸಿಟ್ಟು ಬಂದಿದ್ದು ಅವನ ಮೇಲಲ್ಲ, ನನ್ನ ಮೇಲೆ. ಓದದೇ ಪ್ರಿಂಟ್ ತೆಗೆದಿದ್ದೆ. ಹತ್ತು ಸಾಲು ಕೋಡಿಗೆ ಇಬ್ಬರ ಹತ್ರ ರಿವ್ಯೂ ಮಾಡಿಸೋ ನಾವು, ಅಪ್ಪ ಕಟ್ಟಿಸಿದ ಮನೆ ಕಾಗದಕ್ಕೆ ಕಣ್ಮುಚ್ಚಿ ಸಹಿ ಹಾಕ್ತೀವಿ. ಎಡವಟ್ಟಾದ್ರೆ "ಇಂಡಿಯಾನೇ ಇಷ್ಟು" ಅಂತ ಉದ್ದುದ್ದ ಬರೀತೀವಿ.

ಕಾನೂನೇನೂ ನಮ್ಮ ಕೈ ಕಟ್ಟಿಲ್ಲ. ಒಂದೇ ಕೆಲಸಕ್ಕೆ ಅಂತ ಸ್ಪೆಷಲ್ ಪವರ್ ಆಫ್ ಅಟಾರ್ನಿ ಕೊಡಬಹುದು. ಭಾರತ 2005ರಲ್ಲೇ ಹೇಗ್ ಅಪೋಸ್ಟಿಲ್ ಒಪ್ಪಂದ ಸೇರಿದೆ. ಇಲ್ಲಿಯ ನೋಟರಿ ಮುಂದೆ ಸಹಿ ಹಾಕಿ ಅಪೋಸ್ಟಿಲ್ ಮಾಡಿಸಬಹುದು. ಕಾಗದ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅಷ್ಟೆ.

"ಬರೀ ಜಿಪಿಎಯಿಂದ ಆಸ್ತಿ ಕೈ ಬದಲಾಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆಯಲ್ಲ" ಅಂತೀರಾ? ನಿಜ. ಆದ್ರೆ ಮಾರೋ ಅಧಿಕಾರ ಬರೆದುಕೊಟ್ರೆ, ಅವನು ನಿಮ್ಮ ಪರವಾಗಿ ಕ್ರಯಪತ್ರವನ್ನೇ ರಿಜಿಸ್ಟರ್ ಮಾಡಿಸಬಹುದು!

"ಏನೋ ಕೇಳ್ತಾನೆ, ಹಾಕಿ ಕಳ್ಸೋ" ಅಂದ್ಲು ಅಮ್ಮ. ಕಳಿಸಲಿಲ್ಲ. ಖಾತೆ ಕೆಲಸಕ್ಕೆ ಮಾತ್ರ ಅಂತ ಬರೆಸಿ ಸೋದರಮಾವನಿಗೆ ಕಳಿಸಿದೆ. ತಿಂಗಳು ತಡವಾಗುತ್ತೆ, ಆಗಲಿ. ರಾಮಾಂಜನೇಯ ಗುಡ್ಡದ ಗಂಟೆ ಕೇಳಿಸೋ ಆ ಮನೇಲಿ ಅಮ್ಮ ನಿಶ್ಚಿಂತೆಯಿಂದ ಇರಬೇಕು.

ನೀವು ಸಹಿ ಹಾಕಿದ್ದನ್ನ ಓದಿದ್ದೀರಾ?